ಸಾವಯವ ಕುಂಡ ಮಿಶ್ರಣ

ಸಾವಯವ ಕುಂಡ ಮಿಶ್ರಣವು ಕುಂಡ, ತೊಟ್ಟಿ, ಚೀಲ ಮೊದಲಾದ ಸೀಮಿತ ಪಾತ್ರೆಗಳಲ್ಲಿ ಗಿಡಗಳನ್ನು ಬೆಳೆಸಲು ಸಿದ್ಧಪಡಿಸುವ ಮಾಧ್ಯಮವಾಗಿದೆ. ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಎರೆಹುಳು ಗೊಬ್ಬರ, ಮಣ್ಣು, ಭತ್ತದ ಹೊಟ್ಟು, ಹಿಂಡಿ ಮುಂತಾದ ವಸ್ತುಗಳನ್ನು ನಿರ್ದಿಷ್ಟ ಪ್ರಮಾಣದಲ್ಲಿ ಬೆರೆಸಿ ಇದನ್ನು ತಯಾರಿಸಲಾಗುತ್ತದೆ. ರಾಸಾಯನಿಕ ಗೊಬ್ಬರಗಳನ್ನು ಬಳಸದೆ, ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ನಿಧಾನವಾಗಿ ಬಿಡುಗಡೆಯಾಗುವ ಪೋಷಕಾಂಶಗಳನ್ನು ಗಿಡಕ್ಕೆ ಒದಗಿಸುವುದು ಇದರ ಮುಖ್ಯ ಲಕ್ಷಣ. ಮನೆಯ ಒಳಗೆ ಬೆಳೆಸುವ ಗಿಡಗಳು, ತಾರಸಿ ತೋಟಗಳು ಮತ್ತು ಸಸಿಮಡಿಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ.

ಹಿನ್ನೆಲೆ

ಹೊಲದ ಉತ್ತಮ ಮಣ್ಣನ್ನು ತಂದು ಕುಂಡಕ್ಕೆ ತುಂಬಿದರೆ ಗಿಡ ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಫಲವಾಗುವುದು ಬೇರೆಯೇ. ಹೊಲದಲ್ಲಿ ಎರೆಹುಳುಗಳು, ಗೆದ್ದಲುಗಳು ಮತ್ತು ಬೇರುಗಳು ಮಣ್ಣಿನಲ್ಲಿ ಸದಾ ರಂಧ್ರಗಳನ್ನು ನಿರ್ಮಿಸುತ್ತಿರುತ್ತವೆ. ಬಿದ್ದ ನೀರು ಕೆಳಗಿನ ಪದರಗಳಿಗೆ ಇಳಿದುಹೋಗುತ್ತದೆ. ಕುಂಡದಲ್ಲಿ ಈ ಎರಡೂ ಅನುಕೂಲಗಳಿಲ್ಲ. ಪದೇಪದೇ ನೀರು ಹಾಕಿದಂತೆ ಮಣ್ಣಿನ ಸಣ್ಣ ಕಣಗಳು ಒತ್ತಾಗಿ ಕುಳಿತು ಗಾಳಿಯ ಜಾಗ ಇಲ್ಲವಾಗುತ್ತದೆ. ದಕ್ಷಿಣ ಕರ್ನಾಟಕದ ಕೆಂಪು ಮಣ್ಣು ಕುಂಡದಲ್ಲಿ ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು, ಉತ್ತರ ಕರ್ನಾಟಕದ ಕಪ್ಪು ಎರೆ ಮಣ್ಣು ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುವುದನ್ನು ಎಲ್ಲರೂ ಕಂಡಿರುತ್ತಾರೆ.

ಬೇರುಗಳು ಜೀವಂತ ಅಂಗಗಳು. ಅವು ಉಸಿರಾಡಲು ಆಮ್ಲಜನಕ ಬೇಕು. ಕುಂಡದ ಗಿಡಗಳು ಸಾಯುವುದು ನೀರಿಲ್ಲದೆ ಎಂಬುದಕ್ಕಿಂತ, ನೀರು ಹೆಚ್ಚಾಗಿ ಬೇರಿಗೆ ಗಾಳಿ ದೊರೆಯದೆ ಎಂಬ ಸಂದರ್ಭಗಳು ಮನೆಯ ಒಳಗೆ ಬಹಳ. ಉಸಿರುಕಟ್ಟಿದ ಬೇರು ನೀರನ್ನು ಹೀರಲಾರದು. ಆದುದರಿಂದ ಎಲೆಗಳು ಬಾಡುತ್ತವೆ. ಬಾಡಿದ ಗಿಡಕ್ಕೆ ಮತ್ತಷ್ಟು ನೀರು ಹಾಕಲಾಗುತ್ತದೆ, ಗಿಡ ಕೊಳೆಯುತ್ತದೆ. ಕುಂಡ ಮಿಶ್ರಣದ ಉದ್ದೇಶ ಈ ಸರಪಳಿಯನ್ನು ಮೊದಲಿನಲ್ಲಿಯೇ ತುಂಡರಿಸುವುದಾಗಿದೆ.

ಇತಿಹಾಸ

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಯುರೋಪಿನ ತೋಟಗಾರರು ಪ್ರತಿಯೊಂದು ಗಿಡಕ್ಕೂ ಬೇರೆಬೇರೆ ಮಿಶ್ರಣಗಳನ್ನು ಗುಟ್ಟಾಗಿ ತಯಾರಿಸಿಕೊಳ್ಳುತ್ತಿದ್ದರು. ಫಲಿತಾಂಶ ಒಂದು ವರ್ಷದಂತೆ ಇನ್ನೊಂದು ವರ್ಷ ಇರುತ್ತಿರಲಿಲ್ಲ. 1910ರಲ್ಲಿ ಲಂಡನ್ ಬಳಿಯ ಮರ್ಟನ್‌ನಲ್ಲಿ ಆರಂಭವಾದ ಜಾನ್ ಇನ್ನೆಸ್ ತೋಟಗಾರಿಕಾ ಸಂಸ್ಥೆಯಲ್ಲಿ ಅನುವಂಶೀಯತೆಯ ಪ್ರಯೋಗಗಳಿಗೆ ಬೆಳೆಸುತ್ತಿದ್ದ ಪ್ರಿಮುಲಾ ಸಸಿಗಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದುದು ಈ ವಿಷಯದ ವೈಜ್ಞಾನಿಕ ಅಧ್ಯಯನಕ್ಕೆ ಕಾರಣವಾಯಿತು. 1930ರ ದಶಕದಲ್ಲಿ ಅಲ್ಲಿನ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂಯೆಲ್ ಸರಣಿ ಪ್ರಯೋಗಗಳನ್ನು ನಡೆಸಿ, ಮಣ್ಣನ್ನು ಹಬೆಯಿಂದ ಕಾಯಿಸಿ ರೋಗಮುಕ್ತಗೊಳಿಸುವ ಕ್ರಮವನ್ನೂ ಎಲ್ಲ ಗಿಡಗಳಿಗೂ ಹೊಂದುವ ಕೆಲವೇ ಮಿಶ್ರಣಗಳನ್ನೂ ರೂಪಿಸಿದರು. ಅವರ ಕುಂಡ ಮಿಶ್ರಣವು ಗಾತ್ರದ ಲೆಕ್ಕದಲ್ಲಿ 7 ಭಾಗ ಗೋಡು ಮಣ್ಣು, 3 ಭಾಗ ಪೀಟ್ ಮತ್ತು 2 ಭಾಗ ದಪ್ಪ ಮರಳನ್ನು ಹೊಂದಿತ್ತು. ಇದಕ್ಕೆ ಗೊರಸು ಹಾಗೂ ಕೊಂಬಿನ ಪುಡಿ, ಸೂಪರ್ ಫಾಸ್ಫೇಟ್, ಪೊಟ್ಯಾಸಿಯಂ ಸಲ್ಫೇಟ್ ಮತ್ತು ಸೀಮೆಸುಣ್ಣದ ಪುಡಿಯನ್ನು ಸೇರಿಸಲಾಗುತ್ತಿತ್ತು. ಸಂಸ್ಥೆಯು ಈ ಸೂತ್ರವನ್ನು ಗುಟ್ಟಾಗಿಡದೆ ಪ್ರಕಟಿಸಿತು. ಇಂದಿಗೂ ಬ್ರಿಟನ್ನಿನಲ್ಲಿ ಹಲವು ತಯಾರಕರು ಅದೇ ಹೆಸರಿನಲ್ಲಿ ಮಿಶ್ರಣವನ್ನು ಮಾರುತ್ತಾರೆ.

1957ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ಕೆನೆತ್ ಬೇಕರ್ ಅವರ ಸಂಪಾದಕತ್ವದಲ್ಲಿ ನಯವಾದ ಮರಳು ಮತ್ತು ಪೀಟ್ ಆಧಾರಿತ ಮಿಶ್ರಣಗಳ ಕೈಪಿಡಿಯನ್ನು ಹೊರತಂದಿತು. 1960ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಬೂಡ್ಲಿ ಮತ್ತು ರೇಮಂಡ್ ಶೆಲ್ಡ್ರೇಕ್ ಅವರು ಪೀಟ್ ಜೊತೆ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ ಸೇರಿಸಿದ, ಮಣ್ಣೇ ಇಲ್ಲದ ಹಗುರ ಮಿಶ್ರಣಗಳನ್ನು ಪ್ರಚಾರಕ್ಕೆ ತಂದರು. ಇಂದು ಅಂಗಡಿಗಳಲ್ಲಿ ದೊರೆಯುವ ಬಹುತೇಕ ಚೀಲದ ಮಿಶ್ರಣಗಳು ಈ ಪರಂಪರೆಗೆ ಸೇರಿದವು.

ಕರ್ನಾಟಕದ ಸಸ್ಯಕ್ಷೇತ್ರಗಳಲ್ಲಿ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಮತ್ತು ಮರಳಿನ ಮಿಶ್ರಣ ಬಹುಕಾಲದಿಂದ ಬಳಕೆಯಲ್ಲಿದೆ. ಮರಳಿನ ಅಭಾವ ಮತ್ತು ತಾರಸಿಯ ಮೇಲಿನ ಭಾರದ ಚಿಂತೆಯಿಂದಾಗಿ ಇತ್ತೀಚಿನ ವರ್ಷಗಳಲ್ಲಿ ತೆಂಗಿನ ನಾರಿನ ಪುಡಿ ಅದರ ಸ್ಥಾನವನ್ನು ಆಕ್ರಮಿಸುತ್ತಿದೆ.

ಭೌತಿಕ ಗುಣಗಳು

ಒಳ್ಳೆಯ ಮಿಶ್ರಣವು ನೀರನ್ನು ಹಿಡಿದಿಡಬೇಕು, ಹೆಚ್ಚಾದುದನ್ನು ಬಿಟ್ಟುಕೊಡಬೇಕು, ಗಿಡವನ್ನು ಆಧರಿಸಿ ನಿಲ್ಲಿಸಬೇಕು. ಸಣ್ಣ ರಂಧ್ರಗಳು ನೀರನ್ನು ಹಿಡಿಯುತ್ತವೆ. ದೊಡ್ಡ ರಂಧ್ರಗಳಿಂದ ನೀರು ಇಳಿದು ಆ ಜಾಗವನ್ನು ಗಾಳಿ ತುಂಬುತ್ತದೆ. ನೀರು ಇಳಿದ ಮೇಲೆ ಮಿಶ್ರಣದ ಒಟ್ಟು ಗಾತ್ರದಲ್ಲಿ ಸುಮಾರು ಶೇ. 10ರಿಂದ 30ರಷ್ಟು ಗಾಳಿ ಉಳಿಯುವುದು ಅಪೇಕ್ಷಣೀಯ.

ಇದನ್ನು ಮನೆಯಲ್ಲಿಯೇ ಅಳೆಯಬಹುದು. ಗಾತ್ರ ತಿಳಿದಿರುವ ಕುಂಡದ ತೂತನ್ನು ಮುಚ್ಚಿ, ಮಿಶ್ರಣ ತುಂಬಿ, ಮೇಲ್ಮೈಯಲ್ಲಿ ನೀರು ಹೊಳೆಯುವವರೆಗೆ ನಿಧಾನವಾಗಿ ನೀರು ಹಾಕಬೇಕು. ಕೆಲವು ಗಂಟೆ ನೆನೆಯಲು ಬಿಟ್ಟು, ಅಗತ್ಯವಿದ್ದರೆ ಮತ್ತೆ ನೀರು ಸೇರಿಸಿ, ಬಳಿಕ ತೂತನ್ನು ತೆರೆದು ಸೋರಿದ ನೀರನ್ನು ಅಳೆಯಬೇಕು. 10 ಲೀಟರ್ ಗಾತ್ರದ ಕುಂಡದಿಂದ 1.8 ಲೀಟರ್ ನೀರು ಸೋರಿದರೆ ಗಾಳಿಯ ಪಾಲು ಶೇ. 18 ಎಂದರ್ಥ.

ಕುಂಡದಿಂದ ನೀರು ಸೋರುವುದು ನಿಂತ ಮೇಲೂ ತಳದಲ್ಲಿ ಪೂರ್ಣ ನೆನೆದ ಒಂದು ಪದರ ಉಳಿಯುತ್ತದೆ. ಲೋಮನಾಳ ಸೆಳೆತವು ಆ ನೀರನ್ನು ಗುರುತ್ವಕ್ಕೆ ವಿರುದ್ಧವಾಗಿ ಹಿಡಿದಿರುತ್ತದೆ. ಈ ಪದರದ ಎತ್ತರವು ಮಿಶ್ರಣದ ಕಣಗಳ ಗಾತ್ರವನ್ನು ಅವಲಂಬಿಸಿದೆ, ಕುಂಡದ ಎತ್ತರವನ್ನಲ್ಲ. ಒಂದು ಮಿಶ್ರಣದಲ್ಲಿ ಈ ಪದರ 4 ಸೆಂಟಿಮೀಟರ್ ಇದೆಯೆಂದು ಭಾವಿಸಿದರೆ, 8 ಸೆಂಟಿಮೀಟರ್ ಎತ್ತರದ ಕುಂಡದ ಅರ್ಧಭಾಗ ಕೆಸರಾಗಿರುತ್ತದೆ. 20 ಸೆಂಟಿಮೀಟರ್ ಎತ್ತರದ ಕುಂಡದಲ್ಲಿ ಐದನೆಯ ಒಂದು ಭಾಗ ಮಾತ್ರ. ಆದುದರಿಂದ ಆಳ ಕಡಿಮೆಯಿರುವ ಪಾತ್ರೆಗಳಿಗೆ ಹೆಚ್ಚು ಸಡಿಲವಾದ ಮಿಶ್ರಣ ಬೇಕು.

ಕುಂಡದ ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರುಗಳ ದಪ್ಪ ಪದರ ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂಬ ಪದ್ಧತಿಯ ದೋಷವೂ ಇದರಿಂದ ತಿಳಿಯುತ್ತದೆ. ನಯವಾದ ಮಿಶ್ರಣವು ಪೂರ್ಣ ನೆನೆಯುವವರೆಗೆ ನೀರು ಅದರಿಂದ ಒರಟಾದ ಜಲ್ಲಿಗೆ ಇಳಿಯುವುದಿಲ್ಲ. ಹೀಗಾಗಿ ಕೆಸರಿನ ಪದರ ಇಲ್ಲವಾಗದೆ ಜಲ್ಲಿಯ ಮೇಲಕ್ಕೆ, ಬೇರುಗಳ ಸಮೀಪಕ್ಕೆ ಏರುತ್ತದೆ. ಮಿಶ್ರಣ ಸೋರದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಬಲೆಯ ತುಂಡನ್ನು ಇಡುವುದಕ್ಕೆ ಅಡ್ಡಿಯಿಲ್ಲ.

ಘಟಕಗಳು

ತೆಂಗಿನ ನಾರಿನ ಪುಡಿ: ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಕಂದು ಪುಡಿಯನ್ನು ಮಾರುಕಟ್ಟೆಯಲ್ಲಿ ಕೊಕೊಪೀಟ್ ಎನ್ನಲಾಗುತ್ತದೆ. ತುಮಕೂರು, ಹಾಸನ ಮೊದಲಾದ ತೆಂಗು ಬೆಳೆಯುವ ಜಿಲ್ಲೆಗಳಲ್ಲಿ ಇದು ನಾರಿನ ಉದ್ಯಮದ ಉಪೋತ್ಪನ್ನ. ಇದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿಯುತ್ತದೆ. ಆದರೆ ಹಿನ್ನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯ ಪುಡಿಯಲ್ಲಿ ಉಪ್ಪಿನ ಅಂಶ ಹೆಚ್ಚಾಗಿದ್ದು, ಹಾಗೆಯೇ ಬಳಸಿದರೆ ಎಲೆಯ ಅಂಚುಗಳು ಸುಡುತ್ತವೆ. ಇದನ್ನು ಎರಡು ಮೂರು ಬಾರಿ ಸಿಹಿನೀರಿನಲ್ಲಿ ನೆನೆಸಿ ಹಿಂಡಬೇಕು. ಕಣಗಳ ಮೇಲೆ ಬಿಗಿಯಾಗಿ ಅಂಟಿದ ಸೋಡಿಯಂ ಬರಿಯ ನೀರಿಗೆ ಬಿಡುವುದಿಲ್ಲ. ಜಿಪ್ಸಂ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಸಿದರೆ ಸುಣ್ಣದ ಅಂಶವು ಅದನ್ನು ಸ್ಥಳಾಂತರಿಸುತ್ತದೆ. ಕೊನೆಗೆ ಮತ್ತೊಮ್ಮೆ ತೊಳೆಯಬೇಕು. ಹಸಿ ಪುಡಿಯಲ್ಲಿ ಇಂಗಾಲ-ಸಾರಜನಕ ಅನುಪಾತ 100:1ನ್ನೂ ಮೀರುವುದರಿಂದ ಅದನ್ನು ಹುದುಗಿಸಿ ಬಳಸುವುದು ಉತ್ತಮ. ಕಯರ್ ಬೋರ್ಡಿನ ಸಂಶೋಧನಾ ಸಂಸ್ಥೆಯು ಇದಕ್ಕಾಗಿ ಪಿತ್‌ಪ್ಲಸ್ ಎಂಬ ಶಿಲೀಂಧ್ರ ಬೀಜವನ್ನೂ, ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಫರ್ಮೆಂಟೆಡ್ ಕೊಕೊಪೀಟ್ ಎಂಬ ಮಾಧ್ಯಮವನ್ನೂ ಅಭಿವೃದ್ಧಿಪಡಿಸಿವೆ.

ಪೀಟ್: ಶೀತಪ್ರದೇಶದ ಜೌಗುಗಳಲ್ಲಿ ಪಾಚಿ ಮೊದಲಾದ ಸಸ್ಯಗಳು ಸಾವಿರಾರು ವರ್ಷಗಳ ಕಾಲ ಅರೆಕೊಳೆತು ಸೇರಿದ ವಸ್ತು. ಹಗುರ, ಆಮ್ಲೀಯ, ರೋಗಮುಕ್ತ. ಭಾರತದಲ್ಲಿ ದೊರೆಯುವುದು ಬಹುಮಟ್ಟಿಗೆ ಆಮದಾದುದು.

ಎರೆಹುಳು ಗೊಬ್ಬರ ಮತ್ತು ಕಾಂಪೋಸ್ಟ್: ಪೋಷಕಾಂಶ ಮತ್ತು ಸೂಕ್ಷ್ಮಜೀವಿಗಳ ಮೂಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆ ಅವರು ಎರೆಹುಳುಗಳ ಮೇಲೆ ನಡೆಸಿದ ಸಂಶೋಧನೆಯು ರಾಜ್ಯದಲ್ಲಿ ಈ ಗೊಬ್ಬರದ ಪ್ರಸಾರಕ್ಕೆ ನೆರವಾಯಿತು. ಗೊಬ್ಬರದ ಪಾಲು ಮಿಶ್ರಣದ ಮೂರನೆಯ ಒಂದು ಭಾಗವನ್ನು ಮೀರಬಾರದು. ಮೀರಿದರೆ ಲವಣಾಂಶ ಹೆಚ್ಚುವುದಲ್ಲದೆ ಗೊಬ್ಬರ ಕರಗಿದಂತೆ ಮಿಶ್ರಣ ಕುಸಿಯುತ್ತದೆ.

ಗಾಳಿಯಾಡಿಸುವ ವಸ್ತುಗಳು: ಪರ್ಲೈಟ್ ಎಂಬುದು ಜ್ವಾಲಾಮುಖಿಯ ಗಾಜಿನಂಥ ಶಿಲೆಯನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರಳಿಸಿ ಪಡೆದ ಬಿಳಿಯ ಹಗುರ ಕಾಳು. ನೋಡಲು ಮಂಡಕ್ಕಿಯನ್ನು ಹೋಲುತ್ತದೆ, ಅರಳುವ ರೀತಿಯೂ ಹಾಗೆಯೇ. ಇದರ ಬದಲಿಗೆ ಭತ್ತದ ಹೊಟ್ಟನ್ನು ಬಳಸಬಹುದು. ಕುದಿಸಿದ ಭತ್ತದ ಹೊಟ್ಟಿನಲ್ಲಿ ಕಳೆಬೀಜ ಮೊಳೆಯುವ ಭಯವಿಲ್ಲ. ಅರೆಸುಟ್ಟು ಕರಿಯಾಗಿಸಿದ ಹೊಟ್ಟು ಇನ್ನೂ ಹೆಚ್ಚು ಬಾಳಿಕೆ ಬರುತ್ತದೆ, ಆದರೆ ರಸಸಾರವನ್ನು ಏರಿಸುತ್ತದೆ. ಅದರಲ್ಲಿ ಬೂದಿ ಹೆಚ್ಚಿದ್ದರೆ ತೊಳೆಯಬೇಕು.

ಮಣ್ಣು: ಸ್ವಲ್ಪ ಮಣ್ಣು ಪೋಷಕಾಂಶಗಳನ್ನು ಹಿಡಿದಿಡುತ್ತದೆ ಮತ್ತು ಕುಂಡಕ್ಕೆ ತೂಕ ಕೊಡುತ್ತದೆ. ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕಿಲೋಗ್ರಾಂಗಿಂತ ಹೆಚ್ಚು ತೂಗುವುದರಿಂದ ತಾರಸಿಯಲ್ಲಿ ಇದರ ಪ್ರಮಾಣ ಮಿತವಾಗಿರಬೇಕು.

ಹಿಂಡಿಗಳು ಮತ್ತು ಪುಡಿಗಳು: ಬೇವಿನ ಹಿಂಡಿ, ಹೊಂಗೆ ಹಿಂಡಿ, ಕಡಲೆಕಾಯಿ ಹಿಂಡಿಗಳು ಸಾರಜನಕವನ್ನು, ಮೂಳೆ ಪುಡಿ ರಂಜಕವನ್ನು, ಕಟ್ಟಿಗೆಯ ಬೂದಿ ಪೊಟ್ಯಾಷನ್ನು ಒದಗಿಸುತ್ತವೆ. ಹರಳಿನ ಹಿಂಡಿಯಲ್ಲಿ ರೈಸಿನ್ ಎಂಬ ವಿಷ ಉಳಿದಿರಬಹುದು. ಅದರ ವಾಸನೆಗೆ ನಾಯಿಗಳು ಆಕರ್ಷಿತವಾಗುವುದರಿಂದ ಸಾಕುಪ್ರಾಣಿಗಳಿರುವ ಮನೆಯ ಕುಂಡಗಳಲ್ಲಿ ಇದನ್ನು ಬಳಸಬಾರದು.

ತಯಾರಿಕೆಯ ಕ್ರಮ

ಪ್ರಮಾಣಗಳನ್ನು ತೂಕದಿಂದಲ್ಲ, ಗಾತ್ರದಿಂದ ಅಳೆಯಲಾಗುತ್ತದೆ. ಒಂದೇ ಬಕೆಟ್ಟನ್ನು ಎಲ್ಲ ವಸ್ತುಗಳಿಗೂ ಅಳತೆಯಾಗಿ ಬಳಸಿದರೆ ಸಾಕು. ಮನೆಯೊಳಗಿನ ಸಾಮಾನ್ಯ ಗಿಡಗಳಿಗೆ, ಸುಮಾರು 30 ಲೀಟರ್ ವಸ್ತುಗಳಿಂದ ತಯಾರಿಸುವ ಮಿಶ್ರಣದ ಒಂದು ಮಾದರಿ ಹೀಗಿದೆ:

- ತೊಳೆದು ಹಿಂಡಿದ ತೆಂಗಿನ ನಾರಿನ ಪುಡಿ: 10 ಲೀಟರ್
- ಜರಡಿ ಹಿಡಿದ ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ಕಾಂಪೋಸ್ಟ್: 7.5 ಲೀಟರ್
- ಪರ್ಲೈಟ್ ಅಥವಾ ಕುದಿಸಿದ ಭತ್ತದ ಹೊಟ್ಟು: 7.5 ಲೀಟರ್
- ಕೆಂಪು ಮಣ್ಣು: 5 ಲೀಟರ್
- ಬೇವಿನ ಹಿಂಡಿಯ ಪುಡಿ: 150 ಗ್ರಾಂ
- ಮೂಳೆ ಪುಡಿ: 60 ಗ್ರಾಂ

ಸಣ್ಣ ಕಣಗಳು ದೊಡ್ಡ ಕಣಗಳ ನಡುವಿನ ಸಂದುಗಳಲ್ಲಿ ಸೇರುವುದರಿಂದ ಸಿದ್ಧವಾದ ಮಿಶ್ರಣವು 30 ಲೀಟರಿಗಿಂತ ಕಡಿಮೆಯಾಗುತ್ತದೆ. ಮೊದಲು ಹಿಂಡಿ ಮತ್ತು ಮೂಳೆ ಪುಡಿಗಳನ್ನು ಒಣ ಮಣ್ಣಿನಲ್ಲಿ ಸಮನಾಗಿ ಬೆರೆಸಿ, ಬಳಿಕ ಉಳಿದ ವಸ್ತುಗಳ ಮೇಲೆ ಹರಡಿ, ರಾಶಿಯನ್ನು ಮೂರು ನಾಲ್ಕು ಬಾರಿ ತಿರುವಬೇಕು. ಮುಷ್ಟಿಯಲ್ಲಿ ಹಿಡಿದು ಅದುಮಿದಾಗ ಉಂಡೆಯಾಗಿ ನಿಂತು, ಬೆರಳಿನಿಂದ ತಟ್ಟಿದರೆ ಪುಡಿಯಾಗುವಷ್ಟು ತೇವ ಇರಬೇಕು. ನೀರು ತೊಟ್ಟಿಕ್ಕಿದರೆ ತೇವ ಹೆಚ್ಚಾಗಿದೆ ಎಂದರ್ಥ.

ಹದಗೊಳಿಸುವಿಕೆ: ಸಿದ್ಧವಾದ ರಾಶಿಯನ್ನು ನೆರಳಿನಲ್ಲಿ ಗೋಣಿಚೀಲದಿಂದ ಮುಚ್ಚಿ ಎರಡರಿಂದ ನಾಲ್ಕು ವಾರ ಬಿಡಬೇಕು. ಹಿಂಡಿಯ ಸಾರಜನಕವನ್ನು ಬೇರುಗಳು ನೇರವಾಗಿ ಹೀರಲಾರವು. ಸೂಕ್ಷ್ಮಜೀವಿಗಳು ಅದನ್ನು ಮೊದಲು ಅಮೋನಿಯವಾಗಿ, ಬಳಿಕ ಬೇರೆ ಬ್ಯಾಕ್ಟೀರಿಯಗಳು ನೈಟ್ರೈಟ್ ಮತ್ತು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಮೊದಲ ಹಂತದಲ್ಲಿ ರಾಶಿ ಬಿಸಿಯಾಗಿ ಘಾಟು ವಾಸನೆ ಬರಬಹುದು, ಮೇಲ್ಮೈಯಲ್ಲಿ ಬಿಳಿಯ ಬೂಷ್ಟು ಕಾಣಬಹುದು. ಈ ಹಂತದಲ್ಲಿ ಸಸಿ ನೆಟ್ಟರೆ ಅಮೋನಿಯದಿಂದ ಬೇರು ಸುಡುತ್ತದೆ. ಬಿಸಿ ಆರಿ, ಮಳೆ ಬಿದ್ದ ನೆಲದ ವಾಸನೆ ಬಂದಾಗ ಮಿಶ್ರಣ ಬಳಕೆಗೆ ಸಿದ್ಧವಾಗಿದೆ ಎಂದು ತಿಳಿಯಬಹುದು. ಸಂದೇಹವಿದ್ದರೆ ಒಂದು ತಟ್ಟೆಯಲ್ಲಿ ಮೂಲಂಗಿ ಅಥವಾ ಸಾಸಿವೆ ಬೀಜಗಳನ್ನು ಬಿತ್ತಿ ಮೊಳಕೆ ಆರೋಗ್ಯವಾಗಿದೆಯೇ ಎಂದು ಪರೀಕ್ಷಿಸಬೇಕು.

ಬೀಜ ಮೊಳೆಸುವ ಮಿಶ್ರಣಕ್ಕೆ ಹಿಂಡಿ ಸೇರಿಸಬಾರದು, ಗೊಬ್ಬರವೂ ಕಡಿಮೆಯಿರಬೇಕು. ಕಳ್ಳಿ ಮೊದಲಾದ ರಸಭರಿತ ಸಸ್ಯಗಳಿಗೆ ಗಾಳಿಯಾಡಿಸುವ ವಸ್ತುಗಳ ಪಾಲನ್ನು ಅರ್ಧಕ್ಕೆ ಏರಿಸಲಾಗುತ್ತದೆ.

ರಸಸಾರ ಮತ್ತು ಪೋಷಣೆ

ಮಣ್ಣು ಸೇರಿದ ಮಿಶ್ರಣಕ್ಕೆ ಸುಮಾರು 6.0ರಿಂದ 6.8, ಮಣ್ಣಿಲ್ಲದ ಮಿಶ್ರಣಕ್ಕೆ 5.5ರಿಂದ 6.5 ರಸಸಾರ ಸೂಕ್ತ. ಇದಕ್ಕಿಂತ ಹೆಚ್ಚಾದರೆ ಕಬ್ಬಿಣ, ಸತು, ಮ್ಯಾಂಗನೀಸ್‌ಗಳು ಮಿಶ್ರಣದಲ್ಲಿದ್ದರೂ ಬೇರಿಗೆ ದೊರೆಯುವುದಿಲ್ಲ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದು ಇದರ ಲಕ್ಷಣ. ಆಮ್ಲೀಯ ಪೀಟ್ ಬಳಸಿದಾಗ ಸುಣ್ಣಕಲ್ಲಿನ ಪುಡಿ ಅಥವಾ ಡೋಲಮೈಟ್ ಅಗತ್ಯ. ತೆಂಗಿನ ನಾರಿನ ಪುಡಿಯ ಮಿಶ್ರಣಕ್ಕೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಗಡಸಾದ ಕೊಳವೆಬಾವಿ ನೀರನ್ನು ನಿರಂತರವಾಗಿ ಹಾಕಿದರೆ ರಸಸಾರ ಕ್ರಮೇಣ ಏರುತ್ತದೆ. ಮಳೆನೀರು ದೊರೆಯುವಾಗ ಅದನ್ನು ಬಳಸುವುದು ಲೇಸು.

ಪೂರ್ಣ ಕಳಿಯದ ಮರದ ಹೊಟ್ಟು ಅಥವಾ ಒಣ ಎಲೆಗಳನ್ನು ಬೆರೆಸಿದರೆ, ಅವುಗಳನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಬೆಳವಣಿಗೆಗಾಗಿ ಮಿಶ್ರಣದ ಸಾರಜನಕವನ್ನೇ ಬಳಸಿಕೊಳ್ಳುತ್ತವೆ. ಇಂಗಾಲ-ಸಾರಜನಕ ಅನುಪಾತ ಸುಮಾರು 20:1ರ ಆಸುಪಾಸಿಗೆ ಇಳಿದ ಗೊಬ್ಬರದಲ್ಲಿ ಈ ಪೈಪೋಟಿ ಇರುವುದಿಲ್ಲ.

ಒಳಾಂಗಣದ ವಿಶೇಷ ಸಮಸ್ಯೆಗಳು

ಮನೆಯ ಒಳಗೆ ಬೆಳಕು ಮತ್ತು ಗಾಳಿ ಕಡಿಮೆ. ಗಿಡ ನೀರನ್ನು ನಿಧಾನವಾಗಿ ಬಳಸುತ್ತದೆ. ಆದುದರಿಂದ ಹೊರಗಿನ ಕುಂಡಕ್ಕಿಂತ ಹೆಚ್ಚು ಸಡಿಲವಾದ ಮಿಶ್ರಣ ಬೇಕು. ಮಳೆ ಬೀಳದ ಕಾರಣ ಲವಣಗಳು ತೊಳೆದುಹೋಗುವುದಿಲ್ಲ. ಮೇಲ್ಮೈಯಲ್ಲಿ ಬಿಳಿಯ ಪದರ ಕಂಡರೆ ಕುಂಡದ ಗಾತ್ರದ ಎರಡರಷ್ಟು ನೀರನ್ನು ನಿಧಾನವಾಗಿ ಹಾಯಿಸಿ, ತಟ್ಟೆಯ ನೀರನ್ನು ಚೆಲ್ಲಬೇಕು. ಸದಾ ಒದ್ದೆಯಾಗಿರುವ ಸಾವಯವ ಮಿಶ್ರಣದಲ್ಲಿ ಸಣ್ಣ ಕಪ್ಪು ನೊಣಗಳು ಮೊಟ್ಟೆಯಿಡುತ್ತವೆ. ಮೇಲಿನ ಎರಡು ಮೂರು ಸೆಂಟಿಮೀಟರ್ ಒಣಗಿದ ಮೇಲೆಯೇ ನೀರು ಹಾಕುವುದರಿಂದ ಅವುಗಳ ಮರಿಹುಳುಗಳು ಸಾಯುತ್ತವೆ.

ಒಮ್ಮೆ ತುಂಬಿದ ಮಿಶ್ರಣವನ್ನು ಬದಲಿಸದೆ, ಮೇಲಿನಿಂದ ಗೊಬ್ಬರ ಮತ್ತು ಹೊದಿಕೆ ಕೊಡುತ್ತ ವರ್ಷಗಟ್ಟಲೆ ಬಳಸುವ ಪದ್ಧತಿಯನ್ನು ‘ಜೀವಂತ ಮಣ್ಣು’ ಎನ್ನಲಾಗುತ್ತದೆ. ಉತ್ತರ ಅಮೆರಿಕದಲ್ಲಿ ಇದು ಒಳಾಂಗಣ ಗಾಂಜಾ ಬೆಳೆಗಾರರ ನಡುವೆ ಹೆಚ್ಚು ಪ್ರಚಾರ ಪಡೆಯಿತು. ಕೆನಡಾದಲ್ಲಿ ಆ ಬೆಳೆ 2018ರ ಅಕ್ಟೋಬರ್ 17ರಿಂದ ನಿಬಂಧನೆಗಳೊಡನೆ ಕಾನೂನುಬದ್ಧವಾಗಿದೆ. ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಸುವುದು ಶಿಕ್ಷಾರ್ಹ ಅಪರಾಧ. ಪದ್ಧತಿಯು ಮಾತ್ರ ಟೊಮ್ಯಾಟೊ, ಮೆಣಸಿನಕಾಯಿ, ತುಳಸಿ, ಸೊಪ್ಪುಗಳಿಗೂ ಅಷ್ಟೇ ಹೊಂದುತ್ತದೆ.

ಆರೋಗ್ಯ ಮತ್ತು ಸುರಕ್ಷತೆ

ಮಣ್ಣಿನ ರೋಗಾಣುಗಳನ್ನು ನಾಶಪಡಿಸಲು ಒದ್ದೆ ಮಣ್ಣನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಬೇಸಿಗೆಯ ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರ ಇಡುವುದು ಸುಲಭ ವಿಧಾನ. ಹಬೆಯಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸಿದರೆ ಬಹುತೇಕ ರೋಗಕಾರಕಗಳು ಸಾಯುತ್ತವೆ, ಉಪಯುಕ್ತ ಜೀವಿಗಳಲ್ಲಿ ಹಲವು ಉಳಿಯುತ್ತವೆ. ಹಿಂಡಿ ಮತ್ತು ಎರೆಹುಳು ಗೊಬ್ಬರಗಳನ್ನು ಕಾಯಿಸುವ ಕೆಲಸ ಮುಗಿದ ಮೇಲೆ ಸೇರಿಸಬೇಕು.

ಕುಂಡ ಮಿಶ್ರಣದ ಧೂಳು ಮನುಷ್ಯರಿಗೂ ಅಪಾಯಕಾರಿಯಾಗಬಹುದು. ಲೀಜನೆಲ್ಲ ಲಾಂಗ್‌ಬೀಚೆ ಎಂಬ ಬ್ಯಾಕ್ಟೀರಿಯ ಕಾಂಪೋಸ್ಟ್ ಮತ್ತು ಕುಂಡ ಮಿಶ್ರಣಗಳಲ್ಲಿ ಬದುಕಬಲ್ಲದು. ಉಸಿರಿನೊಡನೆ ಒಳಸೇರಿದರೆ ತೀವ್ರ ನ್ಯುಮೋನಿಯ ಉಂಟಾಗಬಹುದು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಮಿಶ್ರಣದ ಚೀಲಗಳ ಮೇಲೆ ಈ ಬಗ್ಗೆ ಎಚ್ಚರಿಕೆಯನ್ನು ಮುದ್ರಿಸಲಾಗುತ್ತದೆ. ಚೀಲವನ್ನು ಗಾಳಿಯಾಡುವ ಜಾಗದಲ್ಲಿ ಮುಖದಿಂದ ದೂರ ಹಿಡಿದು ತೆರೆಯುವುದು, ಮಿಶ್ರಣವನ್ನು ಒದ್ದೆಮಾಡಿಕೊಳ್ಳುವುದು, ಮುಖಗವಸು ಧರಿಸುವುದು ಮತ್ತು ಕೆಲಸದ ಬಳಿಕ ಸೋಪಿನಿಂದ ಕೈ ತೊಳೆಯುವುದು ಅವಶ್ಯ. ವೃದ್ಧರು, ಧೂಮಪಾನಿಗಳು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಹೆಚ್ಚು ಜಾಗರೂಕರಾಗಿರಬೇಕು.

ಪರಿಸರದ ಪ್ರಶ್ನೆ

ಪೀಟ್ ಪದರ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಪೀಟ್ ಭೂಮಿಗಳು ಜಗತ್ತಿನ ನೆಲದ ಸುಮಾರು ಶೇ. 3ರಷ್ಟಿದ್ದರೂ ಎಲ್ಲ ಕಾಡುಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿವೆ. ಜೌಗನ್ನು ಬಸಿದು ಅಗೆದಾಗ ಅದು ಇಂಗಾಲದ ಡೈಆಕ್ಸೈಡ್ ಆಗಿ ವಾತಾವರಣಕ್ಕೆ ಸೇರುತ್ತದೆ. ಮನೆ ತೋಟಗಳಿಗೆ ಪೀಟ್ ಮಾರಾಟವನ್ನು 2024ರ ಒಳಗೆ ಇಂಗ್ಲೆಂಡಿನಲ್ಲಿ ನಿಷೇಧಿಸುವುದಾಗಿ ಬ್ರಿಟಿಷ್ ಸರ್ಕಾರ 2022ರಲ್ಲಿ ಘೋಷಿಸಿತ್ತು. ಆದರೆ ಕಾನೂನು ಜಾರಿಗೆ ಬರದೆ ಆ ಗಡುವು ಕಳೆಯಿತು.

ತೆಂಗಿನ ನಾರಿನ ಪುಡಿಯು ಪೀಟ್‌ಗೆ ಪರ್ಯಾಯವಾಗಿ ಭಾರತ ಮತ್ತು ಶ್ರೀಲಂಕಾಗಳಿಂದ ರಫ್ತಾಗುತ್ತದೆ. ಹಿಂದೆ ರಾಶಿಬಿದ್ದು ಕೊಳೆಯುತ್ತಿದ್ದ ವಸ್ತುವಿಗೆ ಇದರಿಂದ ಬೆಲೆ ಬಂದಿದೆ. ಆದರೆ ಉಪ್ಪನ್ನು ತೊಳೆಯಲು ಅಪಾರ ಸಿಹಿನೀರು ಬೇಕಾಗುತ್ತದೆ. ತೊಳೆದ ನೀರನ್ನು ಶುದ್ಧೀಕರಿಸದೆ ಬಿಟ್ಟರೆ ಸುತ್ತಲಿನ ಬಾವಿಗಳು ಕೆಡುತ್ತವೆ. ಆದುದರಿಂದ ಯಾವುದೇ ಒಂದು ವಸ್ತುವನ್ನು ಸಂಪೂರ್ಣ ನಿರ್ದೋಷಿ ಎನ್ನಲಾಗದು. ಆಯಾ ಪ್ರದೇಶದಲ್ಲಿ ಹತ್ತಿರ ದೊರೆಯುವ ಉಪೋತ್ಪನ್ನಗಳನ್ನು ಬಳಸುವುದರಿಂದ ಸಾಗಣೆಯ ವೆಚ್ಚ ಮತ್ತು ಹಾನಿ ಎರಡೂ ತಗ್ಗುತ್ತವೆ.

ಮರುಬಳಕೆ

ಸಾವಯವ ವಸ್ತುಗಳು ಕರಗುವುದರಿಂದ ಒಂದೆರಡು ವರ್ಷಗಳಲ್ಲಿ ಕುಂಡದ ಮಿಶ್ರಣ ಕುಸಿದು ಗಾಳಿಯ ಜಾಗ ಕಡಿಮೆಯಾಗುತ್ತದೆ. ಗಿಡ ರೋಗದಿಂದ ಸತ್ತಿಲ್ಲವಾದರೆ ಹಳೆಯ ಮಿಶ್ರಣವನ್ನು ಎಸೆಯಬೇಕಾಗಿಲ್ಲ. ದಪ್ಪ ಬೇರುಗಳನ್ನು ಆಯ್ದು, ಬಿಸಿಲಿನಲ್ಲಿ ಒಣಗಿಸಿ, ನಾಲ್ಕನೆಯ ಒಂದು ಭಾಗದಷ್ಟು ಹೊಸ ಗೊಬ್ಬರ ಮತ್ತು ಗಾಳಿಯಾಡಿಸುವ ವಸ್ತುಗಳನ್ನು ಸೇರಿಸಿ, ಮತ್ತೆ ಹದಗೊಳಿಸಿ ಬಳಸಬಹುದು. ಬೇರುಕೊಳೆ ಅಥವಾ ಜಂತುಹುಳುಗಳ ಗಂಟುಗಳು ಕಂಡುಬಂದ ಮಿಶ್ರಣವನ್ನು ಬಿಸಿಲು ಅಥವಾ ಹಬೆಯ ವಿಧಾನದಿಂದ ಶುದ್ಧಿಗೊಳಿಸದೆ ಬೇರೆ ಕುಂಡಗಳಿಗೆ ಹಾಕಬಾರದು.